ಕಾಲು ನಿಂತ ಕಡೆ ಹೊರಡುವ ಬುದ್ಧಿ: ಪ್ರಾಚೀನ ಮಹಾಕಾವ್ಯಗಳ ವೀರರ ಪಯಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೀರನ ಪಯಣವನ್ನು ದೈಹಿಕ, ಬೌದ್ಧಿಕ ಎಂದು ಎರಡಾಗಿ ಒಡೆಯುವ ಅಗತ್ಯವೇನು?

ಒಡೆಯುವ ಅಗತ್ಯ ಕಾವ್ಯಗಳಿಗಿರಲಿಲ್ಲ. ಬಾಬಿಲೋನಿಯಾದ ಗಿಲ್ಗಮೆಶ್ ಕಾವ್ಯದ ಪ್ರಮಾಣಿತ ಪಾಠವು ತನ್ನ ನಾಯಕನನ್ನು ‘ಆಳವನ್ನು ಕಂಡವನು’ ಎಂದು ಪರಿಚಯಿಸುತ್ತಲೇ ಆರಂಭವಾಗುತ್ತದೆ. ಹೋಮರನ ಒಡಿಸ್ಸಿಯ ಮೂರನೆಯ ಸಾಲು, ನಾಯಕನು ಅನೇಕ ಜನರ ಊರುಗಳನ್ನು ಕಂಡನು, ಅವರ ಮನಸ್ಸನ್ನು ಅರಿತನು ಎನ್ನುತ್ತದೆ. ಕಾಣುವುದೂ ಅರಿಯುವುದೂ ಅಲ್ಲಿ ಒಂದೇ ಉಸಿರಿನಲ್ಲಿವೆ. ಆದರೂ ಓದುತ್ತ ಹೋದಂತೆ ಒಂದು ಸಂಗತಿ ಗಮನಕ್ಕೆ ಬರುತ್ತದೆ: ಈ ಎರಡು ಪಯಣಗಳ ವೇಗ ಒಂದೇ ಅಲ್ಲ. ವೀರನು ಬಿರುಸಿನಿಂದ ಸಾಗುತ್ತಿರುವಾಗ ಅವನ ಬುದ್ಧಿ ಸಾಮಾನ್ಯವಾಗಿ ಹೊರಟ ಜಾಗದಲ್ಲೇ ಇರುತ್ತದೆ. ಹೆಂಡದಂಗಡಿಯ ಮುಚ್ಚಿದ ಬಾಗಿಲು, ದೋಣಿಯಿಲ್ಲದ ದ್ವೀಪ, ಮಳೆಗಾಲದ ಗುಹೆ, ಕಾಡಿನ ನಡುವಿನ ಕೊಳ, ಹೀಗೆ ಎಲ್ಲಿ ಕಾಲಿಗೆ ತಡೆ ಬೀಳುತ್ತದೆಯೋ ಅಲ್ಲಿಂದ ಬುದ್ಧಿ ಹೊರಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಇದು ಕಾಣುವುದಿಲ್ಲ.

ಇಲ್ಲಿ ಯಾವ ಕಾವ್ಯಗಳನ್ನು ಪರಿಗಣಿಸಲಾಗಿದೆ?

ಗಿಲ್ಗಮೆಶ್, ಒಡಿಸ್ಸಿ, ಮಹಾಭಾರತ ಈ ಮೂರು ಮುಖ್ಯ. ವಾಲ್ಮೀಕಿ ರಾಮಾಯಣದಿಂದ ಒಂದು ಪ್ರಸಂಗ ಮಾತ್ರ. ರೋಮಿನ ವರ್ಜಿಲನ ಈನಿಯಸ್ ಕೂಡ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟ ದೊಡ್ಡ ಪ್ರಯಾಣಿಕನೇ. ಆದರೆ ಅವನು ಹೋಗಬೇಕಾದ ಊರು ದೈವನಿಶ್ಚಿತವಾದದ್ದು. ಅವನ ಪಯಣದ ಪ್ರಶ್ನೆಗಳು ಬೇರೆಯಾದ್ದರಿಂದ ಅವನನ್ನು ಬಿಟ್ಟಿದ್ದೇವೆ.

ಗಿಲ್ಗಮೆಶ್ ಎಲ್ಲಿಂದ ಎಲ್ಲಿಗೆ ಹೋದನು?

ಅವನ ಊರು ಉರುಕ್. ಇಂದಿನ ದಕ್ಷಿಣ ಇರಾಕಿನಲ್ಲಿ ವರ್ಕಾ ಎಂಬ ಹೆಸರಿನಲ್ಲಿ ಅದರ ಅವಶೇಷಗಳಿವೆ. ಅವನು ಎರಡು ಬಾರಿ ಹೊರಡುತ್ತಾನೆ. ಮೊದಲನೆಯದು ಗೆಳೆಯ ಎಂಕಿಡುವಿನೊಡನೆ ದೇವದಾರು ಕಾಡಿಗೆ. ಅಲ್ಲಿನ ಕಾವಲುಗಾರ ಹುಂಬಾಬನನ್ನು ಕೊಂದು ಹೆಸರು ಗಳಿಸುವುದು ಉದ್ದೇಶ. ಆ ಕೊಲೆಗೂ ಅದರ ಹಿಂದೆಯೇ ಸ್ವರ್ಗದ ಗೂಳಿಯನ್ನು ಕೊಂದದ್ದಕ್ಕೂ ದಂಡವಾಗಿ ದೇವತೆಗಳು ಎಂಕಿಡುವಿಗೆ ಸಾವನ್ನು ವಿಧಿಸುತ್ತಾರೆ. ಎರಡನೆಯ ಪಯಣ ಇಲ್ಲಿಂದ ಆರಂಭವಾಗುತ್ತದೆ, ಮತ್ತು ಈ ಬಾರಿ ಅವನು ಒಂಟಿ. ಸಾವಿಲ್ಲದ ಒಬ್ಬನೇ ಮನುಷ್ಯ ಉತ್ನಪಿಷ್ಟಿಮ್ ಲೋಕದ ಅಂಚಿನಲ್ಲಿದ್ದಾನೆ, ಅವನನ್ನು ಕೇಳಿದರೆ ಸಾವನ್ನು ತಪ್ಪಿಸುವ ಬಗೆ ತಿಳಿದೀತು ಎಂಬುದು ಅವನ ಆಸೆ. ಚೇಳುಮನುಷ್ಯರು ಕಾಯುವ ಮಾಶು ಪರ್ವತದ ಬಾಗಿಲು, ಸೂರ್ಯ ಸಂಚರಿಸುವ ಸುರಂಗದ ಕಗ್ಗತ್ತಲೆ, ರತ್ನಗಳೇ ಹಣ್ಣಾಗಿ ತೂಗುವ ತೋಟ, ಕಡಲ ದಂಡೆಯಲ್ಲಿ ಸಿದುರಿ ಎಂಬಾಕೆಯ ಹೆಂಡದಂಗಡಿ, ಆಮೇಲೆ ಮುಟ್ಟಿದರೆ ಸಾವು ತರುವ ನೀರು, ಇದು ಅವನ ದಾರಿ. ಅಂಬಿಗ ಉರ್ಶನಬಿಯನ್ನು ಕಾಣುವ ಮೊದಲೇ, ಆ ನೀರನ್ನು ದಾಟಿಸಬಲ್ಲ ಕಲ್ಲಿನ ಸಹಾಯಕರನ್ನು ಅವನು ಸಿಟ್ಟಿನಲ್ಲಿ ಒಡೆದು ಹಾಕಿರುತ್ತಾನೆ. ಅದಕ್ಕಾಗಿ ನೂರಾರು ಹುಟ್ಟುಗಳೆಗಳನ್ನು ಕಡಿದು ತರಬೇಕಾಗುತ್ತದೆ. ಎರಡನೆಯ ಪಯಣದಲ್ಲೂ ಅವನ ಕೈ ಮೊದಲನೆಯದರ ಅಭ್ಯಾಸವನ್ನು ಬಿಟ್ಟಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಸಿದುರಿ, ಅಂಬಿಗ, ಉತ್ನಪಿಷ್ಟಿಮ್ ಮೂವರೂ ಅದೇ ಪ್ರಶ್ನೆ ಕೇಳುತ್ತಾರೆ, ಅವನೂ ಅದೇ ಉತ್ತರ ಕೊಡುತ್ತಾನೆ. ಈ ಪುನರುಕ್ತಿ ಬೇಸರ ತರುವುದಿಲ್ಲವೇ?

ಮೊದಲ ಓದಿನಲ್ಲಿ ತರುತ್ತದೆ. ‘ನಿನ್ನ ಕೆನ್ನೆ ಏಕೆ ಬತ್ತಿದೆ, ಮುಖ ಏಕೆ ಬಾಡಿದೆ’ ಎಂದು ಮೂವರೂ ಕೇಳುತ್ತಾರೆ. ಗೆಳೆಯ ಸತ್ತ, ನಾನೂ ಸಾಯುತ್ತೇನಲ್ಲವೇ ಎಂದು ಅವನು ಹೆಚ್ಚುಕಡಿಮೆ ಅದೇ ಸಾಲುಗಳಲ್ಲಿ ಹೇಳುತ್ತಾನೆ. ಬಾಯಿಪಾಠದ ಕಾವ್ಯಕ್ಕೆ ಇಂಥ ಆವರ್ತನೆ ಸಹಜ ಎಂದು ಬಿಟ್ಟುಬಿಡಬಹುದು. ಆದರೆ ಸಾವಿನ ಮನೆಗೆ ಹೋಗಿ ಬಂದವರಿಗೆ ಗೊತ್ತು, ದುಃಖದಲ್ಲಿರುವವರು ಬಂದವರಿಗೆಲ್ಲ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಾರೆ. ಕಾಲು ಸಾವಿರ ಗಾವುದ ನಡೆದಿದೆ, ಮಾತು ಮಾತ್ರ ಗೆಳೆಯನ ಹೆಣದ ಪಕ್ಕದಲ್ಲೇ ಕುಳಿತಿದೆ.

ರೊಟ್ಟಿಗಳ ಪ್ರಸಂಗ ಏನು? ಅದಕ್ಕೆ ಅಷ್ಟು ಮಹತ್ವ ಏಕೆ?

ಸಾವನ್ನು ಗೆಲ್ಲಬೇಕೆಂದು ಬಂದವನಿಗೆ ಉತ್ನಪಿಷ್ಟಿಮ್ ಒಂದು ಸಣ್ಣ ಪರೀಕ್ಷೆ ಒಡ್ಡುತ್ತಾನೆ: ಆರು ಹಗಲು ಏಳು ರಾತ್ರಿ ನಿದ್ದೆ ಮಾಡದಿರು. ಕುಕ್ಕರಗಾಲಿನಲ್ಲಿ ಕುಳಿತ ಗಿಲ್ಗಮೆಶನನ್ನು ಅದೇ ಕ್ಷಣ ನಿದ್ದೆ ಮಂಜಿನಂತೆ ಕವಿಯುತ್ತದೆ. ಎದ್ದ ಮೇಲೆ ‘ನಾನು ಮಲಗಲೇ ಇಲ್ಲ’ ಎಂದು ಅವನು ವಾದಿಸುತ್ತಾನೆಂಬುದು ಮುದುಕನಿಗೆ ಗೊತ್ತು. ಹಾಗಾಗಿ ಅವನ ಹೆಂಡತಿ ದಿನಕ್ಕೊಂದು ರೊಟ್ಟಿ ಸುಟ್ಟು ತಲೆಯ ಬಳಿ ಇಡುತ್ತಾಳೆ, ಗೋಡೆಯ ಮೇಲೆ ಗೀಟು ಎಳೆಯುತ್ತಾಳೆ. ಅವನು ಎಚ್ಚರಗೊಂಡಾಗ ಮೊದಲ ರೊಟ್ಟಿ ಒಣಗಿ ಹೋಗಿದೆ, ಎರಡನೆಯದು ತೊಗಲಿನಂತಾಗಿದೆ, ಮೂರನೆಯದು ಹಸಿಹಸಿಯಾಗಿ ಮೆತ್ತಗಾಗಿದೆ, ನಾಲ್ಕನೆಯದು ಬಿಳುಚಿದೆ, ಐದನೆಯದಕ್ಕೆ ಬೂಷ್ಟು ಹಿಡಿದಿದೆ, ಆರನೆಯದು ಈಗಷ್ಟೇ ಇಳಿಸಿದ್ದು, ಏಳನೆಯದು ಇನ್ನೂ ಕೆಂಡದ ಮೇಲಿದೆ.

ಬಿರುಗಾಳಿ, ರಾಕ್ಷಸ, ಶಸ್ತ್ರ ಯಾವುದೂ ಇಲ್ಲದ ಈ ದೃಶ್ಯದಲ್ಲಿ ಒಂದು ವಾದ ಮುಗಿದುಹೋಗುತ್ತದೆ. ಕಾಲ ಕಳೆದದ್ದಕ್ಕೆ ಸಾಕ್ಷಿ ಬೇಕಿದ್ದರೆ ಅಡುಗೆಮನೆಯಲ್ಲೇ ಇದೆ ಎಂಬುದನ್ನು ಅಷ್ಟು ದೂರ ಬಂದ ರಾಜನು ಒಬ್ಬ ಗೃಹಿಣಿಯ ರೊಟ್ಟಿಯ ಸಾಲಿನಿಂದ ಕಲಿಯುತ್ತಾನೆ. ಇದೇ ಎಣಿಕೆ ಕಾವ್ಯದಲ್ಲಿ ಹಿಂದೆಯೂ ಬಂದಿದೆ. ಎಂಕಿಡು ಸತ್ತಾಗ ಗಿಲ್ಗಮೆಶ್ ಆರು ಹಗಲು ಏಳು ರಾತ್ರಿ ಅತ್ತು, ಹೆಣದ ಮೂಗಿನಿಂದ ಹುಳು ಉದುರುವ ತನಕ ಮಣ್ಣು ಮಾಡಲು ಬಿಟ್ಟಿರಲಿಲ್ಲ. ಗೆಳೆಯನಿಗಾಗಿ ಕಾದು ಕೂರಬಲ್ಲವನು ತನ್ನ ಅಮರತ್ವಕ್ಕಾಗಿ ಅಷ್ಟೇ ಹೊತ್ತು ಕೂರಲಾರದೆ ಹೋದನು.

ಕೊನೆಗೆ ಅವನು ಬರಿಗೈಯಲ್ಲಿ ಮರಳಿದನು. ಹಾಗಾದರೆ ಪಯಣ ವ್ಯರ್ಥವಾಯಿತೇ?

ಯೌವನ ಮರಳಿಸುವ ಗಿಡವೊಂದು ಕಡಲ ತಳದಿಂದ ಅವನ ಕೈಸೇರುತ್ತದೆ. ದಾರಿಯಲ್ಲಿ ತಣ್ಣನೆಯ ಕೊಳದಲ್ಲಿ ಸ್ನಾನಕ್ಕಿಳಿದಾಗ ಹಾವು ಅದನ್ನು ಕದ್ದು, ಹೋಗುತ್ತ ಪೊರೆ ಬಿಡುತ್ತದೆ. ಊರಿಗೆ ಬಂದವನು ಅಂಬಿಗನಿಗೆ ಉರುಕಿನ ಕೋಟೆಯನ್ನು ತೋರಿಸುತ್ತಾನೆ: ಗೋಡೆ ಹತ್ತಿ ನೋಡು, ಇಟ್ಟಿಗೆಯನ್ನು ಪರೀಕ್ಷಿಸು. ಈ ಸಾಲುಗಳು ಕಾವ್ಯದ ಆರಂಭದಲ್ಲಿ ಕವಿ ಓದುಗನಿಗೆ ಹೇಳಿದ ಸಾಲುಗಳೇ. ಮೊದಲು ಕವಿಯ ಬಾಯಲ್ಲಿದ್ದ ಮಾತು ಈಗ ನಾಯಕನ ಬಾಯಿಗೆ ಬಂದಿದೆ, ಅಂದರೆ ಕವಿಗೆ ಆರಂಭದಲ್ಲೇ ತಿಳಿದಿದ್ದು ನಾಯಕನಿಗೆ ತಿಳಿಯಲು ಕಾವ್ಯ ಬರೆದಿರುವ ಹನ್ನೊಂದು ಮಣ್ಣಿನ ಫಲಕಗಳು ಬೇಕಾದವು. ವ್ಯರ್ಥವೋ ಅಲ್ಲವೋ ಎಂಬ ತೀರ್ಪನ್ನು ಕಾವ್ಯ ಕೊಡುವುದಿಲ್ಲ.

ಈ ಕಾವ್ಯ ನಮಗೆ ಸಿಕ್ಕಿದ್ದು ಹೇಗೆ?

ಅದರದೂ ಒಂದು ಪಯಣವೇ. ಪ್ರಮಾಣಿತ ಪಾಠವನ್ನು ಪರಂಪರೆ ಸಿನ್-ಲೆಕಿ-ಉನ್ನಿನ್ನಿ ಎಂಬ ವಿದ್ವಾಂಸನಿಗೆ ಸಲ್ಲಿಸುತ್ತದೆ. ಬೆಣೆಯಾಕಾರದ ಲಿಪಿಯಲ್ಲಿ ಬರೆದ ಮಣ್ಣಿನ ಫಲಕಗಳು ನಿನೆವೆಯ ಅಶುರ್‌ಬನಿಪಾಲ್ ದೊರೆಯ ಗ್ರಂಥಾಲಯದ ಅವಶೇಷಗಳಲ್ಲಿ 19ನೆಯ ಶತಮಾನದ ನಡುಭಾಗದಲ್ಲಿ ದೊರೆತು ಲಂಡನ್ನಿಗೆ ಸಾಗಿದವು. ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ ಅದರಲ್ಲಿನ ಜಲಪ್ರಳಯದ ಭಾಗವನ್ನು 1872ರ ಡಿಸೆಂಬರ್ 3ರಂದು ಸಭೆಯೊಂದರಲ್ಲಿ ಓದಿ ತಿಳಿಸಿದರು. ದೇವದಾರು ಕಾಡಿನ ಪ್ರಸಂಗಕ್ಕೆ ಹೊಸ ಸಾಲುಗಳನ್ನು ಸೇರಿಸಿದ ಇನ್ನೊಂದು ಫಲಕ 2011ರಲ್ಲಿ ಇರಾಕಿನ ಸುಲೈಮಾನಿಯಾ ವಸ್ತುಸಂಗ್ರಹಾಲಯಕ್ಕೆ ಬಂದು, 2014ರಲ್ಲಿ ಪ್ರಕಟವಾಯಿತು. ಪಠ್ಯ ಇನ್ನೂ ಪೂರ್ಣವಾಗಿಲ್ಲ.

ಒಡಿಸ್ಸಿಯಸ್ ನಿಜಕ್ಕೂ ಹತ್ತು ವರ್ಷ ಅಲೆದಾಡಿದನೇ?

ಟ್ರಾಯ್ ಯುದ್ಧ ಹತ್ತು ವರ್ಷ, ಮನೆಗೆ ಮರಳಲು ಇನ್ನು ಹತ್ತು ವರ್ಷ ಎಂಬುದು ಸರಿಯೇ. ಆದರೆ ಲೆಕ್ಕ ಹಾಕಿ ನೋಡಿದರೆ, ಆ ಹತ್ತರಲ್ಲಿ ಏಳು ವರ್ಷ ಅವನು ಅಪ್ಸರೆ ಕ್ಯಾಲಿಪ್ಸೊಳ ಒಗಿಜಿಯಾ ದ್ವೀಪದಲ್ಲಿದ್ದನು, ಒಂದು ವರ್ಷ ಮಾಟಗಾತಿ ಸರ್ಸಿಯ ಮನೆಯಲ್ಲಿದ್ದನು. ಗಾಳಿಯ ಒಡೆಯನ ಮನೆಯಲ್ಲಿ ಒಂದು ತಿಂಗಳು, ಸೂರ್ಯನ ದನಗಳ ದ್ವೀಪದಲ್ಲಿ ಗಾಳಿ ತಿರುಗದೆ ಇನ್ನೊಂದು ತಿಂಗಳು. ಉಳಿದ ಕಾಲವೇ ಕಡಲ ಮೇಲಿನದು. ಲೋಕಪ್ರಸಿದ್ಧ ಅಲೆಮಾರಿಯ ಕತೆಯಲ್ಲಿ ಹತ್ತಕ್ಕೆ ಎಂಟು ಪಾಲು ನಿಲುಗಡೆ. ಕಾವ್ಯದಲ್ಲಿ ಅವನನ್ನು ನಾವು ಮೊದಲ ಸಲ ಕಾಣುವುದು ಕೂಡ ಹಡಗಿನ ಮೇಲಲ್ಲ. ದಡದ ಬಂಡೆಯ ಮೇಲೆ ಕುಳಿತು, ಕಡಲನ್ನು ನೋಡುತ್ತ ಅಳುತ್ತಿರುವಾಗ.

ಇನ್ನೊಂದು ವಿಷಯ. ಒಕ್ಕಣ್ಣ ದೈತ್ಯ, ಮೋಹಕ ಹಾಡಿನ ಸೈರನ್‌ಗಳು, ಹಂದಿಗಳಾದ ನಾವಿಕರು, ಹೀಗೆ ನಮಗೆಲ್ಲ ಗೊತ್ತಿರುವ ಸಾಹಸಗಳು 24 ಸರ್ಗಗಳ ಕಾವ್ಯದಲ್ಲಿ ಬರುವುದು 9ರಿಂದ 12ರವರೆಗಿನ ನಾಲ್ಕೇ ಸರ್ಗಗಳಲ್ಲಿ, ಅದೂ ಫಿಯೇಶಿಯರೆಂಬ ಜನರ ಅರಮನೆಯಲ್ಲಿ ಊಟವಾದ ಮೇಲೆ ಅವನೇ ಹೇಳುವ ಕತೆಯಾಗಿ.

ಅವನು ಮೊದಲಿನಿಂದಲೂ ಜಾಣ. ಪಯಣದಿಂದ ಅವನು ಹೊಸದಾಗಿ ಕಲಿತದ್ದೇನು?

ಜಾಣತನಕ್ಕೂ ತಿಳಿವಳಿಕೆಗೂ ನಡುವಿನ ಅಂತರವೇ ಈ ಕಾವ್ಯದ ಹೂರಣ. ದೈತ್ಯ ಪಾಲಿಫೀಮಸನ ಗುಹೆಯಲ್ಲಿ ‘ನನ್ನ ಹೆಸರು ಯಾರೂಇಲ್ಲ’ ಎಂದು ಹೇಳಿ ಪಾರಾದದ್ದು ಜಾಣತನ. ಹಡಗು ದಡ ಬಿಟ್ಟ ಕೂಡಲೇ ತಡೆಯಲಾರದೆ ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರನ್ನು ಕೂಗಿ ಹೇಳಿದ್ದು ಅದೇ ಜಾಣನ ಅವಿವೇಕ. ಆ ಹೆಸರು ಹಿಡಿದೇ ದೈತ್ಯನು ತನ್ನ ತಂದೆಯಾದ ಕಡಲ ದೇವ ಪೊಸೈಡನನಿಗೆ ಮೊರೆಯಿಟ್ಟು ಶಾಪ ತೊಡಿಸುತ್ತಾನೆ. ತನ್ನ ಊರಾದ ಇಥಾಕಾಕ್ಕೆ ಮರಳಿದವನು ಇದಕ್ಕೆ ತದ್ವಿರುದ್ಧ. ಸ್ವಂತ ಮನೆಯ ಹೊಸ್ತಿಲಲ್ಲಿ ಭಿಕ್ಷುಕನ ವೇಷದಲ್ಲಿ ಕುಳಿತು, ಒದೆತ ತಿಂದರೂ ಹೆಸರು ಹೇಳದೆ ಸುಮ್ಮನಿರುತ್ತಾನೆ.

ಆ ಬದಲಾವಣೆ ಎಲ್ಲಿ ಆಯಿತು ಎಂದು ಕೇಳಿದರೆ ನನ್ನ ಬೆರಳು ಫಿಯೇಶಿಯರ ಅರಮನೆಯ ಕಡೆಗೇ ಹೋಗುತ್ತದೆ. ಅಲ್ಲಿನ ಕುರುಡು ಹಾಡುಗಾರ ಡೆಮೊಡೊಕಸನಿಗೆ ಮರದ ಕುದುರೆಯ ಪ್ರಸಂಗ ಹಾಡೆಂದು ಒಡಿಸ್ಸಿಯಸನೇ ಕೇಳುತ್ತಾನೆ. ಅದು ಅವನದೇ ವಿಜಯದ ಕತೆ. ಕೇಳುತ್ತ ಅವನು ಅಳುತ್ತಾನೆ. ಹೇಗೆ ಅತ್ತನು ಎನ್ನಲು ಹೋಮರ್ ಕೊಡುವ ಹೋಲಿಕೆ ಬೆಚ್ಚಿಬೀಳಿಸುತ್ತದೆ: ಊರನ್ನು ಕಾಯುತ್ತ ಬಿದ್ದ ಗಂಡನ ಮೈಮೇಲೆ ಕವುಚಿಕೊಂಡು ಅಳುವ ಹೆಂಗಸಿನಂತೆ, ಹಿಂದಿನಿಂದ ಶತ್ರುಗಳು ಈಟಿಯಿಂದ ತಿವಿದು ದಾಸ್ಯಕ್ಕೆ ಎಳೆದೊಯ್ಯುತ್ತಿರುವ ಹೆಂಗಸಿನಂತೆ. ಟ್ರಾಯ್‌ನಲ್ಲಿ ಇಂಥ ಹೆಂಗಸರನ್ನು ಸೃಷ್ಟಿಸಿದವನು ಅವನೇ. ಗೆದ್ದವನ ಕಣ್ಣೀರಿಗೆ ಸೋತವರ ಕಣ್ಣೀರಿನ ಆಕಾರ ಬರಲು ಯುದ್ಧ ಸಾಲಲಿಲ್ಲ, ಕಡಲು ಸಾಲಲಿಲ್ಲ. ಒಂದು ಹಾಡು ಕೇಳುತ್ತ ಕೂರಬೇಕಾಯಿತು.

ವೀರರು ಸತ್ತವರ ಲೋಕಕ್ಕೆ ಏಕೆ ಹೋಗುತ್ತಾರೆ?

ಬದುಕಿರುವವರ ಬಳಿ ಸಿಗದ ಉತ್ತರಕ್ಕಾಗಿ. ಒಡಿಸ್ಸಿಯ 11ನೆಯ ಸರ್ಗದಲ್ಲಿ ಒಡಿಸ್ಸಿಯಸನು ಸತ್ತ ತಾಯಿಯ ನೆರಳನ್ನು ಮೂರು ಸಲ ಅಪ್ಪಿಕೊಳ್ಳಲು ಹೋಗಿ ಮೂರು ಸಲವೂ ಬರಿಗಾಳಿಯನ್ನು ಅಪ್ಪುತ್ತಾನೆ. ಸತ್ತವರ ದೊರೆಯಾಗುವುದಕ್ಕಿಂತ ಬಡವನೊಬ್ಬನ ಹೊಲದಲ್ಲಿ ಕೂಲಿಯಾಗಿರುವುದೇ ಲೇಸು ಎಂದು ವೀರಾಗ್ರಣಿ ಅಕಿಲೀಸನೇ ಹೇಳುತ್ತಾನೆ. ಕಣಿ ಹೇಳುವ ಟೈರೀಸಿಯಸನದು ವಿಚಿತ್ರವಾದ ಮಾತು: ಮನೆ ಸೇರಿದ ಮೇಲೂ ಒಂದು ಹುಟ್ಟನ್ನು ಹೆಗಲ ಮೇಲಿಟ್ಟು ಒಳನಾಡಿಗೆ ನಡೆ, ಕಡಲನ್ನೇ ಕಾಣದ, ಅಡುಗೆಗೆ ಉಪ್ಪು ಬೆರೆಸದ ಜನ ಸಿಗುವ ತನಕ ನಡೆ, ದಾರಿಹೋಕನೊಬ್ಬನು ಆ ಹುಟ್ಟನ್ನು ಕಾಳು ತೂರುವ ಸಲಕರಣೆ ಎಂದು ತಪ್ಪು ತಿಳಿದಾಗ ಅದನ್ನು ಅಲ್ಲೇ ನೆಟ್ಟು ಪೊಸೈಡನನಿಗೆ ಬಲಿ ಕೊಡು. ತನ್ನ ಬದುಕಿನ ಅತಿ ಪರಿಚಿತ ವಸ್ತುವಿಗೆ ಇನ್ನೊಂದು ಹೆಸರು ಇರುವ ಊರನ್ನು ಮುಟ್ಟುವ ತನಕ ಅವನ ಪಯಣ ಮುಗಿಯದು. ಈ ಸಂಗತಿಯನ್ನು ಅವನು ಹೆಂಡತಿ ಪೆನೆಲೊಪೆಗೆ ಹೇಳುವುದು ಇಪ್ಪತ್ತು ವರ್ಷಗಳ ನಂತರದ ಮೊದಲ ರಾತ್ರಿಯಲ್ಲಿ. ಅವಳು ಒತ್ತಾಯಿಸಿ ಕೇಳಿದ್ದರಿಂದ.

ಪಾಂಡವರ ವನವಾಸವನ್ನು ಪಯಣ ಎನ್ನಬಹುದೇ? ಅದು ಶಿಕ್ಷೆಯಲ್ಲವೇ?

ಶಿಕ್ಷೆ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಕೆ ಎಂಬ ಅರ್ಥವೂ ಇದೆ. ಅರಣ್ಯಪರ್ವಕ್ಕೆ ಎರಡೂ ಅರ್ಥ ಸಲ್ಲುತ್ತವೆ. ಹನ್ನೆರಡು ವರ್ಷ ಕಾಡಿನಲ್ಲಿ ಅಲೆಯುವ ಯುಧಿಷ್ಠಿರನಿಗೆ ಋಷಿಗಳು ಒಂದರ ಮೇಲೊಂದು ಕತೆ ಹೇಳುತ್ತಾರೆ. ಅದರಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ‘ನನ್ನಷ್ಟು ದುರದೃಷ್ಟದ ಅರಸ ಇನ್ನೊಬ್ಬನಿದ್ದಾನೆಯೇ’ ಎಂದು ಅವನು ಕೇಳಿದಾಗ ಬೃಹದಶ್ವನು ನಳನ ಕತೆ ಹೇಳುತ್ತಾನೆ. ಜೂಜಿನಲ್ಲಿ ಸೋತು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾದ ನಳನು ಒಂದೇ ದಿನದಲ್ಲಿ ವಿದರ್ಭ ತಲುಪಬೇಕೆಂದು ರಥ ಓಡಿಸುತ್ತಿದ್ದಾನೆ. ಅರಸನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿದೆ. ಅಂಥ ವೇಗ.

ಆಗ ಋತುಪರ್ಣನು ದಾರಿಬದಿಯ ವಿಭೀತಕ ಮರವನ್ನು, ನಮ್ಮ ಕಡೆಯ ತಾರೆ ಮರವನ್ನು, ತೋರಿಸಿ ಅದರ ಎರಡು ಕೊಂಬೆಗಳಲ್ಲಿರುವ ಎಲೆ ಹಣ್ಣುಗಳ ಲೆಕ್ಕ ಹೇಳುತ್ತಾನೆ, ಹಣ್ಣು 2095. ನಳನು ರಥ ನಿಲ್ಲಿಸುತ್ತಾನೆ. ಹೊತ್ತಾಯಿತು, ಹೋಗೋಣ ಎಂದು ಅರಸ ಗೋಗರೆದರೂ ಕೇಳದೆ, ಎಣಿಸಿಯೇ ಮುಂದಕ್ಕೆ ಹೋಗುವೆನೆಂದು ಹಟ ಹಿಡಿದು, ಮರ ಕಡಿದು ಎಣಿಸುತ್ತಾನೆ. ಲೆಕ್ಕ ಸರಿಯಾಗಿದೆ. ಆ ಸಂಖ್ಯಾವಿದ್ಯೆಯನ್ನೂ ದಾಳದ ಗುಟ್ಟಾದ ಅಕ್ಷಹೃದಯವನ್ನೂ ಕುದುರೆಯ ವಿದ್ಯೆಗೆ ಬದಲಾಗಿ ಅಲ್ಲೇ ಪಡೆಯುತ್ತಾನೆ. ಮೈಯಲ್ಲಿ ಹೊಕ್ಕಿದ್ದ ಕಲಿ ಹೊರಬರುತ್ತಾನೆ. ಆ ಕಾಲದಲ್ಲಿ ಜೂಜಿಗೆ ಬಳಸುತ್ತಿದ್ದುದು ಇದೇ ತಾರೆಕಾಯಿಗಳನ್ನು ಎಂಬುದು ಗೊತ್ತಿದ್ದರೆ ದೃಶ್ಯಕ್ಕೆ ಇನ್ನೊಂದು ಹೊಳಪು ಬರುತ್ತದೆ: ಯಾವುದು ಅವನನ್ನು ಹಾಳು ಮಾಡಿತೋ ಅದರ ಮರದ ಕೆಳಗೇ ಅವನು ಎಣಿಸುತ್ತ ಕುಳಿತಿದ್ದಾನೆ. ಕತೆ ಮುಗಿಸಿದ ಬೃಹದಶ್ವನು ಯುಧಿಷ್ಠಿರನಿಗೂ ಅಕ್ಷಹೃದಯ ಕಲಿಸಿ ಹೋಗುತ್ತಾನೆ. ಮುಂದೆ ವಿರಾಟನ ಮನೆಯಲ್ಲಿ ಕಂಕನಾಗಿ ಅವನು ಹೊಟ್ಟೆ ಹೊರೆಯುವುದು ಪಗಡೆಯ ಜೊತೆಗಾರನಾಗಿ.

ಅರ್ಜುನನ ಪಯಣಗಳು ಅಸ್ತ್ರ ಗಳಿಕೆಗಾಗಿ ಮಾತ್ರವೇ?

ಅವನು ಹೊರಟದ್ದು ಅಸ್ತ್ರಕ್ಕಾಗಿ. ಬಂದದ್ದು ಕುಣಿತವನ್ನೂ ಕಲಿತು. ಕಿರಾತರೂಪಿ ಶಿವನಿಂದ ಪಾಶುಪತ ಪಡೆದ ಮೇಲೆ ಇಂದ್ರಲೋಕದಲ್ಲಿ ಐದು ವರ್ಷ ತಂಗಿದ ಅವನಿಗೆ ಚಿತ್ರಸೇನನೆಂಬ ಗಂಧರ್ವನು ಸಂಗೀತ ನೃತ್ಯಗಳನ್ನು ಕಲಿಸುತ್ತಾನೆ. ಬಿಲ್ಲುಗಾರನಿಗೆ ಇದೇಕೆ ಎಂಬುದು ಆಗ ತಿಳಿಯುವುದಿಲ್ಲ. ಅಜ್ಞಾತವಾಸದಲ್ಲಿ ಪಾಶುಪತವು ಯಾವ ಕೆಲಸಕ್ಕೂ ಬರಲಿಲ್ಲ, ಬೃಹನ್ನಳೆಯಾಗಿ ಉತ್ತರೆಗೆ ಕಲಿಸಿದ ನೃತ್ಯ ಬಂತು. ಊರ್ವಶಿಯ ಶಾಪದ ಪ್ರಸಂಗ ಜನಪ್ರಿಯವಾಗಿದ್ದರೂ, ಪುಣೆಯ ಭಂಡಾರಕರ ಸಂಶೋಧನ ಮಂದಿರ 1919ರಿಂದ 1966ರವರೆಗೆ ಸಿದ್ಧಪಡಿಸಿದ ಸಂಶೋಧಿತ ಆವೃತ್ತಿಯ ಮೂಲಪಾಠದಲ್ಲಿ ಅದಿಲ್ಲ.

ಅದಕ್ಕೂ ಮೊದಲು, ಆದಿಪರ್ವದಲ್ಲಿ, ಅವನದು ಬೇರೊಂದು ದೀರ್ಘ ತೀರ್ಥಯಾತ್ರೆ. ಕ್ರಿ.ಶ. 941ರ ಪಂಪನು ಆ ದಾರಿಯನ್ನು ಕನ್ನಡ ನಾಡಿನ ಮೂಲಕ ಹಾಯಿಸುತ್ತಾನೆ. ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದ ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಂಬ ಮಾತು ನಮಗೆ ಪಠ್ಯಪುಸ್ತಕದಿಂದ ಬಂದಿದ್ದರಿಂದ ಅದು ಪ್ರವಾಸದ ಪದ್ಯ ಎಂಬುದೇ ಮರೆತಿರುತ್ತದೆ. ವ್ಯಾಸರ ಅರ್ಜುನನಿಗೆ ಬನವಾಸಿಯ ನೆನಪಿಲ್ಲ. ಇಲ್ಲಿ ವೀರನ ಪಯಣದೊಳಗೆ ಕವಿಯ ಮನಸ್ಸು ತನ್ನ ಊರಿಗೆ ಹೋಗಿಬರುತ್ತದೆ.

ರಾಮಾಯಣದಲ್ಲಿ ಇಂಥ ನಿಲುಗಡೆ ಯಾವುದು?

ಕಿಷ್ಕಿಂಧಾಕಾಂಡದ ಮಳೆಗಾಲ. ಸೀತೆಯನ್ನು ಹುಡುಕಬೇಕಾದ ರಾಮನು ದಾರಿ ಮುಚ್ಚಿದ್ದರಿಂದ ಮಾಲ್ಯವಂತದ ಇಳಿಜಾರಿನಲ್ಲಿ ನಾಲ್ಕು ತಿಂಗಳು ಕಾಯುತ್ತಾನೆ. ಹಂಪಿಯ ಬಳಿಯ ಮಾಲ್ಯವಂತ ಗುಡ್ಡವೇ ಅದು ಎಂಬುದು ಸ್ಥಳೀಯ ನಂಬಿಕೆ. ಆದರೆ ಈ ಕಾಂಡದಲ್ಲಿ ನನಗೆ ಹೆಚ್ಚು ಪ್ರಿಯವಾದ ಪ್ರಯಾಣಿಕ ಸುಗ್ರೀವ. ವಾನರರನ್ನು ನಾಲ್ಕು ದಿಕ್ಕಿಗೆ ಕಳಿಸುವಾಗ ಅವನು ಬೆಟ್ಟ, ಹೊಳೆ, ದ್ವೀಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಭೂಮಂಡಲವೆಲ್ಲ ನಿನಗೆ ಹೇಗೆ ಗೊತ್ತು ಎಂದು ರಾಮ ಕೇಳಿದರೆ ಅವನ ಉತ್ತರ ಸರಳ: ಅಣ್ಣ ವಾಲಿ ಅಟ್ಟಿಸಿಕೊಂಡು ಬಂದಾಗ ಓಡುತ್ತ ಎಲ್ಲವನ್ನೂ ನೋಡಿದೆ, ಭೂಮಿ ನನಗೆ ಗೋವಿನ ಗೊರಸಿನ ಗುರುತಿನಷ್ಟು ಕಿರಿದಾಗಿ ಕಂಡಿತು. ಅವನ ಭೂಗೋಳವೆಲ್ಲ ಪ್ರಾಣಭಯದ ಗಳಿಕೆ. ಓಡುವಾಗ ಅದು ಬರಿಯ ಓಟವಾಗಿತ್ತು. ನಿಂತು ಇನ್ನೊಬ್ಬರಿಗೆ ದಾರಿ ಹೇಳುವಾಗ ವಿದ್ಯೆಯಾಯಿತು.

ಮಹಾಕಾವ್ಯಗಳಲ್ಲಿ ಹೆಣ್ಣಿಗೆ ಪಯಣವಿಲ್ಲವೇ?

ಇದೆ, ಮತ್ತು ನನ್ನ ತಿಳಿವಿನಲ್ಲಿ ಎರಡೂ ಪಯಣಗಳು ಒಂದೇ ವೇಗದಲ್ಲಿ ಸಾಗುವ ಏಕೈಕ ದೃಷ್ಟಾಂತ ಹೆಣ್ಣಿನದೇ. ಸಾವಿತ್ರಿಯನ್ನು ಪತಿಭಕ್ತಿಯ ಚೌಕಟ್ಟಿನಲ್ಲಿ ಕೂರಿಸಿ ಪೂಜಿಸುವ ಅಭ್ಯಾಸದಿಂದ ಅವಳ ನಡಿಗೆಯನ್ನು ನಾವು ಗಮನಿಸುವುದು ಕಡಿಮೆ. ವರನನ್ನು ಹುಡುಕಲು ರಥವೇರಿ ತಪೋವನಗಳನ್ನು ಸುತ್ತಿ ಬಂದವಳು ಅವಳೇ. ಸತ್ಯವಂತನ ಪ್ರಾಣವನ್ನು ಪಾಶದಲ್ಲಿ ಕಟ್ಟಿ ಯಮನು ದಕ್ಷಿಣಕ್ಕೆ ಹೊರಟಾಗ ಅವಳು ಹಿಂದೆಯೇ ನಡೆಯುತ್ತಾಳೆ. ಮೂರು ದಿನಗಳ ಉಪವಾಸದ ಮೈ; ದಣಿದಿದ್ದೀಯೆ, ಮರಳು ಎಂದು ಯಮನು ಮತ್ತೆ ಮತ್ತೆ ಹೇಳುತ್ತಾನೆ. ಏಳು ಹೆಜ್ಜೆ ಜೊತೆಗೆ ನಡೆದರೆ ಗೆಳೆತನವಾಯಿತು ಎಂದು ತಿಳಿದವರು ಹೇಳುತ್ತಾರೆ, ಆ ಗೆಳೆತನದ ಸಲಿಗೆಯಿಂದ ಒಂದು ಮಾತು ಹೇಳುತ್ತೇನೆ ಎಂದು ಅವಳು ಆರಂಭಿಸುತ್ತಾಳೆ. ಧರ್ಮದ ಬಗ್ಗೆ, ಸಜ್ಜನರ ಸಹವಾಸದ ಬಗ್ಗೆ ಅವಳ ಒಂದೊಂದು ಮಾತಿಗೂ ಯಮನು ಮೆಚ್ಚಿ ಒಂದೊಂದು ವರ ಕೊಡುತ್ತಾನೆ: ಮಾವನಿಗೆ ಕಣ್ಣು, ಅವನಿಗೆ ರಾಜ್ಯ, ತಂದೆಗೆ ನೂರು ಮಕ್ಕಳು. ಸತ್ಯವಂತನ ಜೀವವೊಂದನ್ನು ಬಿಟ್ಟು ಕೇಳು ಎಂಬ ಷರತ್ತಿನೊಳಗೇ ನಾಲ್ಕನೆಯದಾಗಿ ಸತ್ಯವಂತನಿಂದ ತನಗೆ ನೂರು ಮಕ್ಕಳನ್ನು ಕೇಳಿ ಪಡೆಯುತ್ತಾಳೆ. ಆಮೇಲೆ ಜೀವ ಕೊಡದೆ ಯಮನಿಗೆ ದಾರಿಯೇ ಇಲ್ಲ. ಗಿಲ್ಗಮೆಶನಿಗೆ ದಕ್ಕದ್ದು ಇವಳಿಗೆ ದಕ್ಕಿತು. ಆದರೆ ಇವಳು ಅಮರತ್ವ ಕೇಳಲಿಲ್ಲ, ಗಂಡನ ಪಾಲಿನ ಆಯುಷ್ಯ ಕೇಳಿದಳು.

ಯಕ್ಷಪ್ರಶ್ನೆ ಪಯಣದ ಭಾಗ ಹೇಗಾಗುತ್ತದೆ?

ಜಿಂಕೆಯೊಂದರ ಕೊಂಬಿಗೆ ಸಿಕ್ಕಿದ ಬ್ರಾಹ್ಮಣನ ಅರಣಿಗಾಗಿ ಐವರೂ ಕಾಡೆಲ್ಲ ಓಡಿ, ಬಾಯಾರಿ ಕುಳಿತ ಮೇಲೆ ನಡೆಯುವ ಪ್ರಸಂಗವಿದು. ಉತ್ತರ ಹೇಳದೆ ನೀರಿಗೆ ಕೈಹಾಕಿದ ನಾಲ್ವರು ಬಿದ್ದರು. ಬಾಯಾರಿಕೆಯನ್ನು ತಡೆದು ನಿಂತವನು ಉಳಿದನು. ಪ್ರಶ್ನೆಗಳಲ್ಲಿ ಕೆಲವು ದಾರಿಯವೇ. ಪರದೇಶದಲ್ಲಿರುವವನಿಗೆ ಯಾರು ಮಿತ್ರ ಎಂದರೆ ‘ಸಾರ್ಥ’, ಅಂದರೆ ಜೊತೆಗೆ ಸಾಗುವ ವರ್ತಕರ ತಂಡ. ಗಾಳಿಗಿಂತ ವೇಗವಾದುದು ಯಾವುದು ಎಂದರೆ ಮನಸ್ಸು. ರೂಢಿಯಲ್ಲಿರುವ ಪಾಠದಲ್ಲಿ ‘ದಾರಿ ಯಾವುದು’ ಎಂಬ ನೇರ ಪ್ರಶ್ನೆಯೂ ಇದೆ; ತರ್ಕಕ್ಕೆ ನೆಲೆಯಿಲ್ಲ, ಶ್ರುತಿಗಳು ಬೇರೆ ಬೇರೆ, ಮಹಾಜನರು ನಡೆದದ್ದೇ ದಾರಿ ಎಂಬುದು ಉತ್ತರ. ಕೊನೆಗೆ ಒಬ್ಬ ತಮ್ಮನನ್ನು ಬದುಕಿಸಿಕೋ ಎಂದಾಗ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳುತ್ತಾನೆ: ಕುಂತಿಗೆ ಒಬ್ಬ ಮಗ ಉಳಿದಿದ್ದಾನೆ, ಮಾದ್ರಿಗೂ ಒಬ್ಬನಿರಲಿ. ಜೂಜಿನ ಸಭೆಯಲ್ಲಿ ತಮ್ಮಂದಿರನ್ನು ಒಬ್ಬೊಬ್ಬರಾಗಿ ಪಣಕ್ಕಿಡುವಾಗ ಅವನು ಮೊದಲು ಇಟ್ಟದ್ದು ಇದೇ ನಕುಲನನ್ನು.

ಎಲ್ಲ ವೀರರ ಪಯಣವೂ ಒಂದೇ ಅಚ್ಚಿನದು ಎನ್ನುತ್ತಾರಲ್ಲ?

ಹೊರಡುವುದು, ಪರೀಕ್ಷೆಗೆ ಒಳಗಾಗುವುದು, ಮರಳುವುದು ಎಂಬ ಮೂರು ಘಟ್ಟಗಳ ಅಚ್ಚನ್ನು ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಮುಂದಿಟ್ಟರು. ಸಿನಿಮಾ ಕತೆ ಬರೆಯುವವರಿಗೆ ಅದು ಬಹಳ ಒಗ್ಗಿದೆ. ಗಿಲ್ಗಮೆಶ್, ಒಡಿಸ್ಸಿಯಸ್ ಅದರಲ್ಲಿ ಹೇಗೋ ಕೂರುತ್ತಾರೆ. ಯುಧಿಷ್ಠಿರ ಕೂರುವುದಿಲ್ಲ, ಅವನು ಮರಳುವುದೇ ಇಲ್ಲ.

ಪಾಂಡವರ ಕೊನೆಯ ಪಯಣ ಯಾವುದು? ಕನ್ನಡದ ಭಾರತಗಳಲ್ಲಿ ಅದು ಏಕೆ ಕಾಣುವುದಿಲ್ಲ?

ಪಂಪನು ಅರ್ಜುನನ ಪಟ್ಟಾಭಿಷೇಕಕ್ಕೆ ನಿಲ್ಲಿಸುತ್ತಾನೆ. ಕುಮಾರವ್ಯಾಸನು ಹತ್ತನೆಯದಾದ ಗದಾಪರ್ವಕ್ಕೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದನು, ಆದರೆ ಗಮಕದ ಕಟ್ಟೆಯ ಮೇಲೆ ಅವನನ್ನು ಕೇಳುವುದು ಅಪರೂಪ. ಹಾಗಾಗಿ ಮಹಾಪ್ರಸ್ಥಾನವು ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

ಐವರು ಸೋದರರು, ದ್ರೌಪದಿ, ಜೊತೆಗೊಂದು ನಾಯಿ ಹಸ್ತಿನಾಪುರದಿಂದ ಹೊರಡುತ್ತಾರೆ. ಮೊದಲು ಪೂರ್ವದ ಕಡಲಿಗೆ. ಅಲ್ಲಿ ಅಗ್ನಿ ಬಂದು ಗಾಂಡೀವವನ್ನು ಮರಳಿ ಕೇಳುತ್ತಾನೆ, ಅರ್ಜುನನು ಬಿಲ್ಲು ಬತ್ತಳಿಕೆಗಳನ್ನು ನೀರಿಗೆ ಹಾಕುತ್ತಾನೆ. ಆಮೇಲೆ ದಕ್ಷಿಣ, ಪಶ್ಚಿಮದಲ್ಲಿ ಮುಳುಗಿದ ದ್ವಾರಕೆ, ಕೊನೆಗೆ ಉತ್ತರ. ಅಂದರೆ ಬಿಡುವ ಮೊದಲು ನೆಲಕ್ಕೆ ಒಂದು ಪ್ರದಕ್ಷಿಣೆ. ಹಿಮಾಲಯದ ಆಚೆ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಈ ಕ್ರಮದಲ್ಲಿ ಬೀಳುತ್ತಾರೆ. ಯುಧಿಷ್ಠಿರನು ಪ್ರತಿಯೊಬ್ಬರ ಬೀಳುವಿಕೆಗೂ ಕಾರಣ ಹೇಳುತ್ತಾನೆ, ತಿರುಗಿ ನೋಡುವುದಿಲ್ಲ. ಇಲ್ಲಿ ನಡಿಗೆ ಮಾತ್ರ ಇದೆ, ನಿಲುಗಡೆ ಇಲ್ಲ. ಅವನ ಮಾತಿನಲ್ಲಿ ತೀರ್ಪಿದೆ, ಕರುಣೆ ಕಾಣುವುದಿಲ್ಲ. ಅವನನ್ನು ನಿಲ್ಲಿಸುವುದು ನಾಯಿ. ಇಂದ್ರನ ರಥದ ಮುಂದೆ, ನನ್ನನ್ನು ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದು ಅವನು ಕಾಲೂರುತ್ತಾನೆ. ಆಮೇಲೆ ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡು, ತನ್ನವರನ್ನು ಹುಡುಕುತ್ತ ನರಕಕ್ಕೆ ಬಂದು, ದುರ್ನಾತದ ಕತ್ತಲೆಯಲ್ಲಿ ಅವರ ದನಿ ಕೇಳಿ, ನಾನು ಇಲ್ಲೇ ಇರುತ್ತೇನೆ ಎಂದು ದೇವದೂತನನ್ನು ಮರಳಿ ಕಳಿಸುತ್ತಾನೆ. ದಾರಿಯುದ್ದಕ್ಕೂ ತಿರುಗಿ ನೋಡದವನು ತಿರುಗಿದ್ದು ಇಲ್ಲಿ.

ಒಡಿಸ್ಸಿಯಲ್ಲೂ ನಾಯಿ ಬರುತ್ತದಲ್ಲವೇ?

ಬರುತ್ತದೆ. ಅದರ ಹೆಸರು ಆರ್ಗೋಸ್. ಇಥಾಕಾದ ಅರಮನೆಯ ಬಾಗಿಲ ಮುಂದಿನ ತಿಪ್ಪೆಯ ಮೇಲೆ, ಮೈತುಂಬ ಉಣ್ಣೆಹುಳು ಹತ್ತಿಕೊಂಡು ಮಲಗಿರುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಬಂದ ಒಡೆಯನನ್ನು ವೇಷದೊಳಗೂ ಗುರುತಿಸಿ ಬಾಲ ಅಲ್ಲಾಡಿಸುತ್ತದೆ, ಕಿವಿ ಇಳಿಬಿಡುತ್ತದೆ, ಎದ್ದು ಬರಲು ಶಕ್ತಿಯಿಲ್ಲ. ಗುರುತು ಬಯಲಾಗಬಾರದೆಂದು ಅವನು ಹತ್ತಿರ ಹೋಗುವಂತಿಲ್ಲ. ಜೊತೆಗಿದ್ದವನಿಗೆ ಕಾಣದಂತೆ ಕಣ್ಣೊರೆಸಿಕೊಂಡು, ಯಾರದೀ ನಾಯಿ ಎಂದು ಕೇಳಿ, ಒಳಗೆ ನಡೆಯುತ್ತಾನೆ.